ಹೆದರಿಕೆ ಮೇಡಂ

ಕಳೆದ ತಿಂಗಳು ಚಳ್ಳಕೆರೆಯ ನಮ್ಮ ವಿಶೇಷ ಮಕ್ಕಳ ಕೇಂದ್ರದಲ್ಲಿ ಮೇಡಂ ಅವರಿಗೆ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಶಾಲು, ಹಣ್ಣಿನ ಬುಟ್ಟಿ, ಮಕ್ಕಳೆಲ್ಲ ಬಣ್ಣದಲ್ಲಿ ಕೈಯೊತ್ತಿದ್ದ ಒಂದು ಬಿಳಿ ಬಟ್ಟೆ. ನನ್ನನ್ನು ಎಬ್ಬಿಸಿ ಎರಡು ಮಾತಾಡು ಅಂದರು. "ಮೇಡಂ ತುಂಬಾ ಸರಳರು, ಮಕ್ಕಳೆಂದರೆ ಪ್ರಾಣ" ಎಂದು ಹೇಳಿ ಕುಳಿತುಬಿಟ್ಟೆ. ಚಪ್ಪಾಳೆ ಬಿತ್ತು. ನಾನು ಹೇಳಬೇಕಾಗಿದ್ದ ಮಾತು ಅದಲ್ಲ. ಹೇಳಬೇಕಾಗಿದ್ದನ್ನು ನಾಲ್ಕು ವರ್ಷ ಹೆದರಿಕೊಂಡು ನುಂಗಿದ್ದೆ.

ಕುದಾಪುರದ ಹುಲ್ಲುಗಾವಲಿನಲ್ಲಿ ಎದ್ದಿರುವ ವಿಜ್ಞಾನದ ಕ್ಯಾಂಪಸ್ಸುಗಳಲ್ಲಿ ಒಂದರಲ್ಲಿ ಮೇಡಂ ಸಂಶೋಧಕಿಯಾಗಿದ್ದರು. ಚಳ್ಳಕೆರೆಯ ಜನಕ್ಕೆ ಆ ಕಡೆಯವರೆಲ್ಲ ಒಂದೇ, 'ಸೈನ್ಸ್‌ನೋರು'. ಆಕಾಶಕ್ಕೆ ಏನೋ ಹಾರಿಸುತ್ತಾರೆ, ಗೋಡೆಯೊಳಗೆ ಏನೋ ಮಾಡುತ್ತಾರೆ. ಇವರು ಹಾರಿಸುತ್ತಿದ್ದುದು ಏನೂ ಇಲ್ಲ. ಆಟಿಸಂ ಇರುವ ಮಕ್ಕಳಿಗಾಗಿ ಒಂದು ಮೇಜು ಮಾಡುತ್ತಿದ್ದರು.

ಮಂಚದಷ್ಟು ಎತ್ತರದ ಮೇಜು, ಮೇಲೆ ಟಿವಿಯಂಥ ಗಾಜು. ಗಾಜಿನಲ್ಲಿ ಒಂದು ದೊಡ್ಡ ಶೇಂಗಾ ಬುಡ್ಡೆಯ ಚಿತ್ರ ಬರುತ್ತದೆ. ಇಬ್ಬರು ಮಕ್ಕಳು ಎರಡು ತುದಿಯಲ್ಲಿ ಒಟ್ಟಿಗೆ ಕೈ ಇಟ್ಟರೆ ಬುಡ್ಡೆ 'ಚಟ್' ಎಂದು ಒಡೆದು ಬೀಜ ಉದುರುತ್ತದೆ. ಒಬ್ಬರೇ ಎಷ್ಟು ಗುದ್ದಿದರೂ ಒಡೆಯುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಮಕ್ಕಳಿಗೆ, ಇನ್ನೊಂದು ಕೈ ಬರಲಿ ಎಂದು ಕಾಯುವುದನ್ನು ಅದು ಕಲಿಸುತ್ತಿತ್ತು. ಮೊದಲು ಅದರಲ್ಲಿ ಬಲೂನು ಇಟ್ಟಿದ್ದರಂತೆ. ನಮ್ಮ ಮಕ್ಕಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು ಮಕ್ಕಳು ಶೇಂಗಾ ಸುಲಿಯುವುದನ್ನು ಮೇಡಂ ನೋಡಿದರು. ಮುಂದಿನ ಮಂಗಳವಾರ ಬಲೂನು ಹೋಗಿ ಬುಡ್ಡೆ ಬಂದಿತ್ತು.

ಮೇಡಂ ಹೆದರದ ವಸ್ತು ಇರಲಿಲ್ಲ. ಹಲ್ಲಿಗೆ ಹೆದರುತ್ತಿದ್ದರು. ನಮ್ಮೂರ ಮೆಣಸಿನಕಾಯಿ ಬಜ್ಜಿಗೆ ಹೆದರಿ ಅದರ ಮೇಲಿನ ಹಿಟ್ಟನ್ನಷ್ಟೇ ಬಿಡಿಸಿ ತಿನ್ನುತ್ತಿದ್ದರು. ಬಾಗಿಲ ಚಿಲಕ ಹಾಕಿ ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು ಮುಟ್ಟಿ ನೋಡುತ್ತಿದ್ದರು. ವಿಮಾನ ಹಾರಿಸಿ ನೋಡುವ ವರವು ಕಾವಲ್ ಹುಲ್ಲುಗಾವಲಿನ ಕಡೆಯಿಂದ ದೊಡ್ಡ ಸದ್ದು ಬಂದರೆ ನಮ್ಮ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮೇಡಂ ಕೂಡ ಮುಚ್ಚಿಕೊಳ್ಳುತ್ತಿದ್ದರು. ನಾವು ಉಳಿದವರು ನಗುತ್ತಿದ್ದೆವು, ಮಕ್ಕಳು ಮಾತ್ರ ಅವರ ಪಕ್ಕಕ್ಕೆ ಸರಿದು ಕೂರುತ್ತಿದ್ದರು. ಆಟೋ ಎಂದರೆ ಪ್ರಾಣ ಹೋಗುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ನಮ್ಮ ಕೇಂದ್ರಕ್ಕೆ ಬಿಸಿಲಲ್ಲಿ ನಡೆದೇ ಬರುತ್ತಿದ್ದರು.

'ಹೆದರಿಕೆ ಮೇಡಂ' ಎಂದು ಹೆಸರಿಟ್ಟವನು ತಿಪ್ಪೇಶಣ್ಣ. ಮೊಳಕಾಲ್ಮೂರು ರಸ್ತೆಯ ಹಳ್ಳಿಗಳಿಂದ ನಮ್ಮ ಮಕ್ಕಳನ್ನು ಆಟೋದಲ್ಲಿ ಕರೆತರುತ್ತಿದ್ದವನು. ಗಂಟಲು ಜೋರು. ಮೇಡಂ ನಡೆದು ಬರುವುದನ್ನು ಕಂಡರೆ ಪಕ್ಕದಲ್ಲೇ ನಿಧಾನವಾಗಿ ಆಟೋ ಓಡಿಸುತ್ತಾ, "ಮೇಡಮ್ಮಾ, ಇದು ಆಟೋ ಕಣ್ರೀ, ನಿಮ್ ಕ್ಯಾಂಪಸ್ಸಿನ ರಾಕೆಟ್ ಅಲ್ಲ, ಹತ್ರೀ!" ಎನ್ನುತ್ತಿದ್ದ. ಮೇಡಂ ನಕ್ಕು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಆಟೋದ ಮೈಯನ್ನು ಅಂಗೈಯಿಂದ ದಬದಬ ಬಡಿದು ಮಕ್ಕಳನ್ನು ಇಳಿಸುತ್ತಿದ್ದ. ಎರಡು ಸಲ ಬೈದಿದ್ದೆ. "ಟೀಚರಮ್ಮಂಗೆ ಡಿಗ್ರಿ ಐತೆ, ನಂಗೆ ಗಂಟ್ಲು ಐತೆ. ಅವ್ರವ್ರ ಆಸ್ತಿ ಅವ್ರವ್ರಿಗೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಆ ಮಾತು ನನಗೆ ಚುಚ್ಚಿತ್ತು.

ಡಿಗ್ರಿಯ ಬಗ್ಗೆ ಯಾರಾದರೂ ತಮಾಷೆ ಮಾಡಿದರೆ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಪಕ್ಕದ ಹಳ್ಳಿ ನಮ್ಮದು. ಅಪ್ಪ ಬಂಡೆಗಳ ನಡುವೆ ಕುರಿ ಮೇಯಿಸಿದವನು, ಅವ್ವನಿಗೆ ಓದು ಬಾರದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಸ್ಸಿನಲ್ಲಿ ನಿಂತೇ ಓದಿದ್ದೇನೆ. ವಿಶೇಷ ಶಿಕ್ಷಣದ ಡಿಪ್ಲೊಮಾವನ್ನೂ ಮಾಡಿಕೊಂಡು ಈ ಕೇಂದ್ರಕ್ಕೆ ಸೇರಿದೆ. ನನ್ನ ಕಲಿಕೆ ಶುರುವಾದದ್ದು ಮಾತ್ರ ಒಬ್ಬ ಮೇಷ್ಟರ ಕೈಯಿಂದ. ನನ್ನ ಮುಷ್ಟಿಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು ಮರಳಿನ ಮೇಲೆ 'ಅ' ತಿದ್ದಿಸಿದ್ದರು. ಕಲಿಸುವುದು ಎಂದರೆ ಕೈ ಹಿಡಿಯುವುದು ಎಂದೇ ನಾನು ನಂಬಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ನಂಬುತ್ತಾರೆ.

ಮೇಡಂ ಅವರ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ. ಮಾತು ಬಾರದ ಮಕ್ಕಳಿಗಾಗಿ ಅವರು ಒಂದು ಟ್ಯಾಬ್ ಕೂಡ ಮಾಡಿದ್ದರು. ಚಿತ್ರ ಒತ್ತಿದರೆ ಅದು ಮಾತಾಡುತ್ತದೆ. ಮೊದಲು ಅದರಲ್ಲಿ ರೇಡಿಯೋದವರಂಥ ದನಿ ಇತ್ತು. "ನನಗೆ ಹಸಿವಾಗಿದೆ" ಎಂದು ಅದು ನುಡಿದರೆ ತಾಯಂದಿರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. "ಯಾರ್ ಮನೇಲಿ ಹಿಂಗೆ ಮಾತಾಡ್ತಾರ್ರೀ?" ಮೇಡಂ ನನ್ನನ್ನು ಕೂರಿಸಿ ಎಲ್ಲವನ್ನೂ ಮತ್ತೆ ಹೇಳಿಸಿದರು. "ಹೊಟ್ಟೆ ಹಸ್ದೈತೆ", "ನೀರ್ ಬೇಕು", "ಮನಿಗೆ ಹೋಗಾನ". ತೆಲುಗು ಮಾತಾಡುವ ಮನೆಯ ಮಕ್ಕಳಿಗೆ "ನೀಳ್ಳು ಕಾವಾಲ" ಎಂದೂ ಹೇಳಿದೆ. ನನ್ನ ದನಿ ಯಂತ್ರದೊಳಗೆ ಸೇರಿತು. ಅವ್ವನಿಗೆ ಕೇಳಿಸಿದಾಗ ಕಣ್ಣೀರು ಹಾಕಿದಳು.

ಮನೆಯವರ, ನಮ್ಮೆಲ್ಲರ ಫೋಟೋಗಳೂ ಅದರಲ್ಲಿದ್ದವು. ಜೊತೆಗೆ 'ನೋವು', 'ಬೇಡ', 'ಹೊಡೆದ್ರು' ಎಂಬ ಚಿತ್ರಗಳು. "ಇವೆಲ್ಲ ಯಾಕೆ ಮೇಡಂ?" ಎಂದು ಕೇಳಿದ್ದೆ. "ಇದನ್ನ ಹೇಳೋಕೆ ಬರದ ಮಗುವಿಗೆ ಏನು ಬೇಕಾದರೂ ಆಗಬಹುದು. ನನಗೆ ಅದೇ ಹೆದರಿಕೆ" ಎಂದಿದ್ದರು.

ಟ್ಯಾಬ್ ಮುಂದೆ ಮಗುವನ್ನು ಕೂರಿಸಿದಾಗ ನಾವು ದೊಡ್ಡವರು ನಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಅದು ಮೇಡಂ ನಿಯಮ. ಕೇಳಬೇಕು, ಕೈ ಮೇಲೆ ಕೂರಬೇಕು, ಕಾಯಬೇಕು. ಒಂದು ನಿಮಿಷವೋ, ಹತ್ತು ನಿಮಿಷವೋ. ನೋಡಲು ಬಂದ ಅಧಿಕಾರಿಗಳನ್ನೂ ಹಾಗೇ ಕೂರಿಸಿದ್ದರು. "ಮಾತು ಬರುತ್ತಾ ಮೇಡಮ್ಮಾ?" ಎಂದು ಯಾವ ತಾಯಿ ಕೇಳಿದರೂ "ಗೊತ್ತಿಲ್ಲ" ಎನ್ನುತ್ತಿದ್ದರು. ಇಷ್ಟು ಓದಿದವರು ಗೊತ್ತಿಲ್ಲ ಎಂದರೆ ಹೇಗೆ ಎಂದು ನನಗೆ ನಾಚಿಕೆಯಾಗುತ್ತಿತ್ತು.

ತಿಪ್ಪೇಶಣ್ಣನ ಆಟೋದಲ್ಲಿ ಬರುತ್ತಿದ್ದ ಭೂಮಿಕಾ ಆಗ ಹನ್ನೊಂದು ವರ್ಷದವಳು. ಮಾತಿಲ್ಲ. ಟ್ಯಾಬ್ ಮುಂದೆ ಕೂರಿಸಿದರೆ ಬೆರಳು ಗಾಳಿಯಲ್ಲಿ ಅಲೆದು ವಾಪಸ್ಸು ಬರುತ್ತಿತ್ತು. ಅವಳ ತಾಯಿ ರತ್ನಮ್ಮ ಆಗಾಗ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೇಡಂ ತಮ್ಮ ತಾಯಿಯ ಆಪರೇಷನ್‌ಗೆಂದು ಮೂರು ವಾರ ಊರಿಗೆ ಹೋದರು. ಎರಡನೇ ದಿನವೇ ನಾನು ಭೂಮಿಕಾಳ ಮುಂಗೈ ಹಿಡಿದೆ. ನಡುಗುವ ಕೈಗೆ ಒಂದು ಆಧಾರ, ಅಷ್ಟೇ ಎಂದುಕೊಂಡೆ. ಬೆರಳು ನೆಟ್ಟಗೆ ಹೋಗಿ 'ಅವ್ವ' ಒತ್ತಿತು. ರತ್ನಮ್ಮ ಓಡಿಬಂದು ನನ್ನ ಕಾಲು ಮುಟ್ಟಿದಳು. ಮೇಡಂ ವರ್ಷವಿಡೀ ಕಾದದ್ದು ನನ್ನಿಂದ ಒಂದು ದಿನದಲ್ಲಿ ಆಯಿತು ಎಂದು ಹಿಗ್ಗಿದೆ. ವಾರದೊಳಗೆ ಹುಡುಗಿ "ಅವ್ವ, ಮುದ್ದೆ, ಬೇಕು" ಎನ್ನುತ್ತಿದ್ದಳು. ವಿಡಿಯೋ ತೆಗೆದು ಮೇಡಂಗೆ ಕಳಿಸಿದೆ. ಅವರಿಂದ ಬಂದ ಉತ್ತರ ಒಂದೇ ಸಾಲು: "ಹಿಡಿದಿರುವ ಕೈ ಯಾರದು?"

ಹೊಟ್ಟೆಕಿಚ್ಚು ಎಂದುಕೊಂಡೆ. ಉತ್ತರ ಬರೆಯಲಿಲ್ಲ.

ಮೇಡಂ ಕ್ಯಾಂಪಸ್ಸಿಗೆ ವಾಪಸ್ಸು ಬಂದ ದಿನವೇ ಇದು ನಡೆದದ್ದು. ಅವರಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಬೆಳಿಗ್ಗೆ ರತ್ನಮ್ಮ ಭೂಮಿಕಾಳನ್ನು ತಾನೇ ಕರೆದುಕೊಂಡು ಬಂದಳು. ಹುಡುಗಿಯ ಎಡ ಭುಜದ ಮೇಲೆ ಕೆಂಪಗೆ ಕಂದಿದ ಒಂದು ಬಾಸುಂಡೆ. "ಕೇಳ್ರಿ ಮಿಸ್ಸು, ಯಾರು ಹೊಡದ್ರು ಕೇಳ್ರಿ. ನಿಮ್ ಹತ್ರ ಹೇಳ್ತಾಳೆ."

ನಾನು ಮುಂಗೈ ಹಿಡಿದು ಕೇಳಿದೆ. ಬೆರಳು ಹೋಯಿತು. ಯಂತ್ರ ನನ್ನ ದನಿಯಲ್ಲಿ ಹೇಳಿತು: "ತಿಪ್ಪೇಶಣ್ಣ". ಇನ್ನೊಂದು ಸಲ ಹೋಯಿತು. "ಹೊಡೆದ್ರು".

ರತ್ನಮ್ಮ ಎದೆ ಬಡಿದುಕೊಂಡು ಮೈದುನ ಓಬಳೇಶನಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಅವನೂ ಇನ್ನೂ ನಾಲ್ಕು ಮಂದಿಯೂ ಬಂದರು. ಆಟೋ ಸ್ಟ್ಯಾಂಡಿನಿಂದ ತಿಪ್ಪೇಶಣ್ಣನ ಅಂಗಿ ಹಿಡಿದು ಎಳೆದುಕೊಂಡೇ ಬಂದಿದ್ದರು. ಕೇಂದ್ರದ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಓಬಳೇಶ ಕಪಾಳಕ್ಕೆ ಒಂದು ಬಿಟ್ಟ. "ಬಾಯಿಲ್ಲದ ಕೂಸು ಅಂತ ಕೈ ಮಾಡಿದ್ಯೇನಲೇ?" ತಿಪ್ಪೇಶಣ್ಣನ ಜೋರು ಗಂಟಲು ಅವತ್ತು ಎಲ್ಲಿ ಹೋಗಿತ್ತೋ. "ನಾನಲ್ಲಪ್ಪೋ, ನನ್ ಮಗಳಾಣೆ ನಾನಲ್ಲ" ಎಂಬುದಷ್ಟೇ ಕೇಳುತ್ತಿತ್ತು. ಜನ ಸೇರುತ್ತಿದ್ದರು. ಒಬ್ಬ ಎಲ್ಲಿಂದಲೋ ಹಗ್ಗ ತಂದ.

ನಾನು ಮೇಡಂಗೆ ಫೋನ್ ಮಾಡಿದೆ. ಯಾರ ಕಾರಿನಲ್ಲಿ ಬಂದರೋ, ಬೇಗ ಬಂದರು. ಗುಂಪನ್ನು ದಾಟುವಾಗ ಚೀಲವನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದರು. ಓಬಳೇಶನ ಮುಂದೆ ನಿಂತು, "ಅರ್ಧ ಗಂಟೆ ಕೊಡಿ. ಅಲ್ಲಿವರೆಗೂ ಅವರನ್ನ ಯಾರೂ ಮುಟ್ಟಬೇಡಿ. ನಾನು ಬೇಡಿಕೊಳ್ತೀನಿ" ಎಂದರು. ಒಳಗೆ ಬಂದು ಬಾಗಿಲು ಹಾಕಿದರು.

ಮೇಜಿನ ಮೇಲೆ ಒಂದು ರಟ್ಟು ನಿಲ್ಲಿಸಿದರು. ಒಂದು ಕಡೆ ಭೂಮಿಕಾ, ಇನ್ನೊಂದು ಕಡೆ ನಾನು. ಅವಳಿಗೊಂದು ಚಿತ್ರದ ಕಾರ್ಡು, ನನಗೊಂದು. ಅವಳದು ನನಗೆ ಕಾಣದು, ಎರಡೂ ಒಂದೇ ಎಂದುಕೊಂಡೆ. "ನೋಡಿದ್ದನ್ನ ಅವಳು ಹೇಳಲಿ. ನೀವು ಮೊದಲಿನ ಹಾಗೇ ಕೈ ಹಿಡೀರಿ" ಎಂದರು.

"ನಾನು ಸುಳ್ಳು ಹೇಳ್ತೀನಿ ಅಂತಲಾ ಮೇಡಂ? ಓದಿದೋಳು ನಾನು."

"ಸುಳ್ಳಲ್ಲ. ನಿಮಗೇ ಗೊತ್ತಿಲ್ಲದೆ ಆಗಿರಬಹುದು. ಹಿಡೀರಿ."

ನನ್ನ ಕಾರ್ಡಿನಲ್ಲಿ ಬಸ್ಸು ಇತ್ತು. ಬೆರಳು ಹೋಯಿತು. "ಬಸ್ಸು" ಎಂದಿತು ನನ್ನ ದನಿ. ಆಮೇಲೆ ಚಪ್ಪಲಿ. ಆಮೇಲೆ ಕೋಳಿ. ಐದು ಸಲ ಆಯಿತು. ಸರಿಯಾಗಿಯೇ ಹೇಳಿದಳಲ್ಲ ಎಂದು ನಾನು ಗೆದ್ದವಳಂತೆ ಮೇಡಂ ಮುಖ ನೋಡಿದೆ. ಅವರು ಭೂಮಿಕಾಳ ಮುಂದಿದ್ದ ಐದು ಕಾರ್ಡುಗಳನ್ನು ತಿರುಗಿಸಿ ಇಟ್ಟರು. ಬಾಳೆಹಣ್ಣು, ಕೊಡೆ, ಮೇಕೆ, ಹಾಸಿಗೆ, ಗಡಿಯಾರ. ಒಂದೂ ನನ್ನದರ ಹಾಗಿರಲಿಲ್ಲ. ಹುಡುಗಿ ನೋಡಿದ್ದು ಒಂದೂ ಹೊರಗೆ ಬಂದಿರಲಿಲ್ಲ. ಐದೂ ನಾನು ನೋಡಿದ್ದೇ.

ಚಿಕ್ಕಂದಿನಲ್ಲಿ ಕಂಡದ್ದೊಂದು ಕಣ್ಣ ಮುಂದೆ ಬಂತು. ಕಚೇರಿಯಲ್ಲಿ ಒಬ್ಬ ಗುಮಾಸ್ತ ನಮ್ಮ ಅವ್ವನ ಹೆಬ್ಬೆರಳು ಹಿಡಿದು, ಮಸಿಗೆ ಅದ್ದಿ, ಕಾಗದಕ್ಕೆ ಒತ್ತಿದ್ದ. ಕಾಗದದಲ್ಲಿ ಏನಿದೆ ಎಂದು ಅವ್ವನಿಗೆ ಗೊತ್ತಿರಲಿಲ್ಲ. ಹಾಗೆ ಯಾರೂ ನಮ್ಮ ಬೆರಳು ಹಿಡಿಯಬಾರದೆಂದೇ ನಾನು ಓದಿದ್ದು. ಈಗ ನಾನೇ ಆ ಗುಮಾಸ್ತನಾಗಿದ್ದೆ. 'ಅವ್ವ' ಎಂದವಳೂ ನಾನು, 'ಮುದ್ದೆ' ಎಂದವಳೂ ನಾನು, ತಿಪ್ಪೇಶಣ್ಣನ ಹೆಸರು ಹೇಳಿದವಳೂ ನಾನು. ಮುಂಗೈ ಬಿಟ್ಟೆ. ಭೂಮಿಕಾ ಕೈಯನ್ನು ಮಡಿಲಿಗೆ ಎಳೆದುಕೊಂಡು ಲಂಗಕ್ಕೆ ಒರೆಸಿಕೊಂಡಳು.

"ಹಂಗಾದ್ರೆ ಇವಳಿಗೆ ಯಾರೂ ಹೊಡೆದಿಲ್ವಾ ಮೇಡಂ?"

"ಅದೂ ಗೊತ್ತಿಲ್ಲ" ಎಂದರು ಮೇಡಂ. "ಹೊಡೆದಿರಬಹುದು. ಅವಳು ಹೇಳಿಲ್ಲ ಅಂತ ಮಾತ್ರ ಈಗ ಗೊತ್ತಾಗಿದ್ದು."

ಹೊರಗೆ ಹೋದರು. ನಾನು ಹಿಂದೆ ಬಾಗಿಲಲ್ಲೇ ನಿಂತೆ. "ತಪ್ಪು ನನ್ನ ಯಂತ್ರದ್ದು" ಎಂದರು ಮೇಡಂ. "ಪರೀಕ್ಷೆ ಮಾಡಿದೆ. ಅದು ತಪ್ಪು ಹೇಳ್ತಾ ಇದೆ. ಈ ಮನುಷ್ಯನ ಹೆಸರು ಮಗು ಹೇಳಿಲ್ಲ. ಬೈಯೋದಿದ್ರೆ ನನ್ನನ್ನ ಬೈಯಿರಿ."

ಓಬಳೇಶ ಬೈದ. "ನಮ್ ಕಾವಲ್‌ಗೆ ಗೋಡೆ ಹಾಕ್ಕಂಡ್ರಿ, ದನ ಮೇಯೋಕೆ ಜಾಗ ಇಲ್ದಂಗೆ ಮಾಡಿದ್ರಿ. ಈಗ ನಮ್ ಮಕ್ಕಳ ಮ್ಯಾಲೂ ಪ್ರಯೋಗನಾ ನಿಮ್ದು? ಒಯ್ಯಮ್ಮ ನಿನ್ ಮಿಷಿನ್ನ!" ಮೇಡಂ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಜಾಗ ಬಿಟ್ಟು ಸರಿಯಲಿಲ್ಲ. ತಿಪ್ಪೇಶಣ್ಣನ ಮುಂದೆಯೇ ನಿಂತಿದ್ದರು. ಬೈದು ಬೈದು ಸಾಕಾಗಿ ಜನ ಕರಗಿದರು.

ನಾನು ಬಾಯಿ ಬಿಡಲಿಲ್ಲ. ಹಗ್ಗ ತಂದವನು ಅಲ್ಲೇ ನಿಂತಿದ್ದ ಎಂಬುದು ಒಂದು ಕಾರಣ. ಓದಿದವಳೆಂಬ ನನ್ನ ಹೆಸರು ಊರ ಮುಂದೆ ಮಣ್ಣಾಗುತ್ತದೆ ಎಂಬುದು ದೊಡ್ಡ ಕಾರಣ.

ಮಾರನೆಯ ದಿನದಿಂದ ಮೇಡಂ ಮಾಡಿದ್ದನ್ನು ನೋಡಿ ನಮಗೆಲ್ಲ ಆಶ್ಚರ್ಯ. ತಿಪ್ಪೇಶಣ್ಣನ ಆಟೋ ಹತ್ತಿದರು. ಅವನೇ ಬೇಡ ಎಂದ. ಇವರು ಬಿಡಲಿಲ್ಲ. ಬೆಳಿಗ್ಗೆ, ಸಂಜೆ, ಭೂಮಿಕಾಳ ಪಕ್ಕದಲ್ಲಿ ಎರಡೂ ಕೈಯಿಂದ ಸೀಟು ಹಿಡಿದು, ಹಲ್ಲು ಕಚ್ಚಿ, ಗುಂಡಿ ಬಂದಾಗಲೆಲ್ಲ "ಅಯ್ಯೋ" ಎನ್ನುತ್ತಾ. ಆರನೇ ದಿನ ನನ್ನನ್ನೂ ಹತ್ತಿಸಿಕೊಂಡು ತೋರಿಸಿದರು. ರಸ್ತೆ ಕೆಟ್ಟಿರುವ ಕಡೆ ಆಟೋ ಗಡಗಡ ಅದುರುತ್ತದೆ. ಆಗ ಭೂಮಿಕಾ ತಾನಾಗಿಯೇ ವಾಲಿ, ಎಡ ಭುಜವನ್ನು ಪಕ್ಕದ ಕಬ್ಬಿಣದ ಕಂಬಿಗೆ ಬಲವಾಗಿ ಒತ್ತಿ ಹಿಡಿಯುತ್ತಿದ್ದಳು. ಆ ಅದುರು ಅವಳಿಗೆ ಹಿತ. ಮುಖದಲ್ಲಿ ನೆಮ್ಮದಿ. ಬಾಸುಂಡೆ ಅಲ್ಲಿಂದ ಬಂದದ್ದು. ಮೇಡಂ ರತ್ನಮ್ಮನನ್ನೂ ಓಬಳೇಶನನ್ನೂ ಕೂರಿಸಿ ತೋರಿಸಿದರು, ಕಂಬಿಗೆ ದಪ್ಪ ಸ್ಪಂಜು ಸುತ್ತಿಸಿದರು.

ತಿಪ್ಪೇಶಣ್ಣ ನಿರಪರಾಧಿ ಎಂದು ಎಲ್ಲರಿಗೂ ಗೊತ್ತಾಯಿತು. ಮೇಡಂ ಯಂತ್ರ ಸುಳ್ಳು ಹೇಳುತ್ತದೆ ಎಂಬುದೂ ಹಬ್ಬಿತು. ಅರ್ಧ ಮಕ್ಕಳು ಬರುವುದು ನಿಂತಿತು. ಕ್ಯಾಂಪಸ್ಸಿನವರು ಮೇಜನ್ನೂ ಟ್ಯಾಬನ್ನೂ ವಾಪಸ್ ತರಿಸಿಕೊಂಡು, ವಿಚಾರಣೆ ಎಂದು ವರ್ಷಗಟ್ಟಲೆ ಇಟ್ಟುಕೊಂಡರು. ಮೇಡಂ ಮಂಗಳವಾರ ತಪ್ಪಿಸಲಿಲ್ಲ. ಬರಿಗೈಯಲ್ಲಿ ಬಂದು ಮಕ್ಕಳ ಪಕ್ಕ ಕೂರುತ್ತಿದ್ದರು.

ಒಂದು ದಿನ ಕೇಳಿದೆ. "ಯಾಕೆ ಮೇಡಂ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ಅವತ್ತು ಆ ಗುಂಪಿನ ಕೈಗೆ ನಿಮ್ಮನ್ನ ಕೊಡೋಕೆ ಹೆದರಿಕೆ ಆಯ್ತು. ಆದರೆ ನೀವು ತಿಪ್ಪೇಶಣ್ಣನಿಗೆ ಹೇಳಬೇಕು. ಯಾವಾಗ ಅಂತ ನಾನು ಕೇಳಲ್ಲ."

ಕೇಳಲೇ ಇಲ್ಲ.

ಯಂತ್ರ ವಾಪಸ್ ಬಂದ ಮೇಲೆ ಭೂಮಿಕಾಳ ಮುಂದೆ ಇಟ್ಟೆವು. ನಾವಿಬ್ಬರೂ ಕೈ ಮೇಲೆ ಕುಳಿತು ಎಷ್ಟು ವಾರ ಕಾದೆವೋ. ಒಂದು ಮಧ್ಯಾಹ್ನ ನಾನು ಅವಳ ಹತ್ತಿರಕ್ಕೆ ಸ್ವಲ್ಪ ಸರಿದೆ. ಅವಳ ಬೆರಳು, ಯಾರೂ ಮುಟ್ಟದ ಬೆರಳು, ಬಂದು ಒಂದು ಚಿತ್ರ ಒತ್ತಿತು. "ಬೇಡ" ಎಂದಿತು ನನ್ನದೇ ದನಿ, ನನಗೆ. ನಾನು ಹಿಂದೆ ಸರಿದೆ. ಮೇಡಂ ಅಳುತ್ತಿದ್ದರು. "ಇದು ಅವಳದು" ಎಂದರು.

ಬೀಳ್ಕೊಡುಗೆಗೆ ತಿಪ್ಪೇಶಣ್ಣನೂ ಬಂದಿದ್ದ. ಮೇಡಂಗೆ ಕೈ ಮುಗಿದು, "ಮಿಷಿನ್ ಕೆಟ್ಟಿದ್ರೆ ನೀವೇನ್ ಮಾಡ್ತೀರಿ ಮೇಡಮ್ಮಾ. ನನ್ ಮರ್ಯಾದಿ ಉಳ್ಸಿದ್ರಿ" ಎಂದ. ಮೇಡಂ "ಹ್ಞೂಂ" ಎಂದು ತಲೆ ತಗ್ಗಿಸಿದರು. ನನ್ನ ಕಡೆ ನೋಡಲಿಲ್ಲ. ನೋಡಿ, ಪರವಾಗಿಲ್ಲ ಎಂಬಂತೆ ನಕ್ಕಿದ್ದರೆ ನಾನು ಇನ್ನೊಂದು ನಾಲ್ಕು ವರ್ಷ ಸುಮ್ಮನಿರುತ್ತಿದ್ದೆನೇನೋ.

ಸಭೆ ಮುಗಿದ ಮೇಲೆ ಗೇಟಿನ ಹೊರಗೆ ಅವನ ಆಟೋ ಹತ್ತಿರ ಹೋದೆ.

"ತಿಪ್ಪೇಶಣ್ಣ, ಮಿಷಿನ್ ಕೆಟ್ಟಿರ್ಲಿಲ್ಲ. ಹುಡುಗಿ ಕೈ ಹಿಡಿದಿದ್ದೋಳು ನಾನು. ನಿಮ್ ಹೆಸರು ಒತ್ತಿಸಿದ್ದೂ ನಾನೇ."

ಅವನು ಟವೆಲಿನಿಂದ ಗಾಜು ಒರೆಸುತ್ತಿದ್ದ. ಒರೆಸುತ್ತಲೇ ಇದ್ದ. "ಬೇಕಂತ ಒತ್ತಿಸಿದ್ರಾ?"

"ಇಲ್ಲಣ್ಣ. ನಂಗೇ ಗೊತ್ತಿರ್ಲಿಲ್ಲ."

"ಗೊತ್ತಾದ್ ಮ್ಯಾಲೆ?"

"ಸುಮ್ಕಿದ್ದೆ."

ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. "ನನ್ ಮಗಳು ಆಗ ಎಂಟ್ನೇ ಕ್ಲಾಸು" ಎಂದ. "ಈಗ ಪಿಯುಸಿ. ಅವತ್ತಿಂದ ನನ್ ಆಟೋ ಹತ್ತಿಲ್ಲ. ಕಂಬಿ ವಿಷ್ಯ ಹೇಳ್ದೆ, ಮಿಷಿನ್ ಕೆಟ್ಟಿತ್ತು ಅಂತ ನೂರ್ ಸಲ ಹೇಳ್ದೆ. 'ಕೆಟ್ಟ್ ಮಿಷಿನ್ ನಿನ್ ಹೆಸರೇ ಯಾಕಪ್ಪ ಹೇಳ್ತು?' ಅಂತಾಳೆ. ಅದಕ್ಕೆ ನನ್ ಹತ್ರ ಉತ್ತರ ಇಲ್ಲ ಟೀಚರಮ್ಮ. ನೀವೇ ಬಂದು ಹೇಳ್ರಿ."

ಹಿಂದೆ ಮೇಡಂ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಕೈಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಅವರನ್ನು ಕರೆದೊಯ್ಯುವ ಕಾರು ಬಂದು ಕಾಯುತ್ತಿತ್ತು.

"ಇದು ನನಗೆ ಹೊಳೀಲೇ ಇಲ್ಲ" ಎಂದರು. "ಎಲ್ಲದಕ್ಕೂ ಹೆದರಿದೆ. ನಾನು ಹೇಳಿದ ಆ ಒಂದು ಸುಳ್ಳಿಗೆ ಮಾತ್ರ ಹೆದರಲಿಲ್ಲ."

ಬುಟ್ಟಿಯನ್ನು ಕಾಂಪೌಂಡಿನ ಮೇಲೆ ಇಟ್ಟು ಆಟೋ ಹತ್ತಿದರು. ನಾನೂ ಹತ್ತಿದೆ.

ತಿಪ್ಪೇಶಣ್ಣನ ಮನೆ ಒಂದು ಸಂದಿಯಲ್ಲಿದೆ. ಆಟೋ ಸದ್ದಿಗೆ ಅವನ ಮಗಳು ಹೊರಗೆ ಬಂದಳು. ಎತ್ತರದ ಹುಡುಗಿ, ಕೈಯಲ್ಲಿ ಕೆಮಿಸ್ಟ್ರಿ ಪುಸ್ತಕ, ಓದುತ್ತಿದ್ದ ಪುಟದಲ್ಲಿ ಬೆರಳು. ನಮ್ಮನ್ನು ನೋಡಿದಳು, ಅಪ್ಪನನ್ನು ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಮೇಡಂ "ನೋಡಮ್ಮ, ತಪ್ಪು ನನ್ನ..." ಎಂದು ಶುರು ಮಾಡಿದರು.

"ಬೇಡ ಮೇಡಂ. ನಾನು ಹೇಳ್ತೀನಿ" ಎಂದು ನಾನು ಅವರ ಮುಂದೆ ಹೋಗಿ ನಿಂತೆ.